ಪೂರ್ಣ ಮತ್ತು ಅಂತಿಮ

ಅಣಕು ನ್ಯಾಯಾಲಯದಲ್ಲಿ ಗೆದ್ದ ಫಲಕ ನಮ್ಮನೆ ಟೀವಿಯ ಪಕ್ಕದಲ್ಲಿದೆ.
ಇಲ್ಲದ ದೇಶವೊಂದರ ಇಲ್ಲದ ಸಂವಿಧಾನಕ್ಕಾಗಿ
ನಲವತ್ತು ನಿಮಿಷ ವಾದಿಸಿದ್ದೆ, ಇಂಗ್ಲಿಷಿನಲ್ಲಿ,
ಒಮ್ಮೆಯೂ ತಡವರಿಸದೆ.
ತೀರ್ಪುಗಾರರು ನನ್ನ ಉಚ್ಚಾರವನ್ನು ಹೊಗಳಿದರು.

ಅದಾದ ಹದಿನೇಳನೇ ದಿನ, ಶನಿವಾರ,
ಶಿವಮೊಗ್ಗದ ಕೋರ್ಟಿನ ಕಾಂಪೌಂಡಿನೊಳಗೆ
ಉಚಿತ ಕಾನೂನು ನೆರವು ಎಂಬ ಬ್ಯಾನರಿನ ಕೆಳಗೆ
ಹಾಜರಾತಿಗೆಂದು ಕೂತಿದ್ದೆ.
ಕೂತರೆ ಹತ್ತು ಅಂಕ.
ಜನ ಬಂದರೂ ಹತ್ತೇ, ಬರದಿದ್ದರೂ ಹತ್ತೇ.

ಬಂದವರು ಗಾಜನೂರಿನ ಹೂವಮ್ಮ.
ಮದುವೆ ಛತ್ರವೊಂದರ ಹಿತ್ತಿಲಲ್ಲಿ
ಹನ್ನೊಂದು ವರ್ಷ ಪಾತ್ರೆ ತೊಳೆದವರು.
ಬೆರಳ ಗೆರೆಗಳೆಲ್ಲ ಸೋಪಿನ ಪುಡಿಗೆ ಸವೆದು
ರೇಷನ್ ಅಂಗಡಿಯ ಯಂತ್ರ
ಅವರನ್ನು ಅವರೆಂದು ಒಪ್ಪುವುದಿಲ್ಲವಂತೆ.
ಛತ್ರದ ಮಾಲೀಕರ ಕಾಗದ ಮಾತ್ರ
ಅದೇ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪಿಕೊಂಡಿತ್ತು.
ಬಾಕಿ, ಐದು ತಿಂಗಳ ಸಂಬಳ.

"ಓದು ಮಗಾ" ಅಂದರು.
ಓದಿದೆ. ಅಲ್ಪವಿರಾಮಗಳಿಗೂ ಮರ್ಯಾದೆ ಕೊಟ್ಟು ಓದಿದೆ.
"ಎಷ್ಟು ಚಂದ ಓದ್ತೀಯ! ಏನಂತೆ ಅದು?"

ನೀರಿಲ್ಲದ ನಲ್ಲಿ ತಿರುಗಿಸಿದಂತೆ
ಗಂಟಲೊಳಗೆ ಬರೀ ಸದ್ದು.
ಕೊನೆಗೆ, "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂದೆ.
ಹೂವಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು,
ಮಾತು ಇನ್ನೂ ಬರಬೇಕಾಗಿದೆ ಎಂಬಂತೆ.

ಪಕ್ಕದ ಕೊಡೆಯಡಿ ಅರ್ಜಿ ಟೈಪು ಮಾಡುತ್ತಿದ್ದ ಜಬೀವುಲ್ಲಾ ಸಾಹೇಬರು
ಕೈ ನಿಲ್ಲಿಸದೆಯೇ ಹೇಳಿದರು:
"ಎಲ್ಲ ದುಡ್ಡು ಮುಟ್ಟಿದೆ, ಇನ್ನು ಒಂದು ಪೈಸಾನೂ ಕೇಳಲ್ಲ
ಅಂತ ನೀವೇ ಬರಕೊಟ್ಟಿದೀರಿ ಅಂತ."

"ಓ" ಅಂದರು ಹೂವಮ್ಮ.
"ಊಟ ಮುಗೀತು ಅಂತ ಕೊಪ್ಪರಿಗೆ ತೊಳ್ದು ಕವುಚಿ ಹಾಕ್ದಂಗೆ."
ತುಸು ತಡೆದು,
"ಆದ್ರೆ ನಂಗಿನ್ನೂ ಬಡ್ಸೇ ಇಲ್ವಲ್ಲ!"

ಐದು ವರ್ಷದ ಕೋರ್ಸು. ನಾನು ನಾಲ್ಕನೆಯದರಲ್ಲಿದ್ದೇನೆ.
ಕಾನೂನು ಗೊತ್ತಿರಲಿಲ್ಲ ಎಂಬುದು ಯಾರಿಗೂ ನೆಪವಾಗದು,
ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ, ಅದೂ ಲ್ಯಾಟಿನ್ನಿನಲ್ಲಿ.
ಯಾರಿಗೆ ಯಾರು ಗೊತ್ತು ಮಾಡಿಸಬೇಕು ಎಂಬ ಪಾಠ
ಯಾವ ಸೆಮಿಸ್ಟರಿನಲ್ಲೂ ಬಂದಿಲ್ಲ.
ಹೆಂಗಸಿಗೆ ವಕೀಲರನ್ನು ಪುಕ್ಕಟೆಯಾಗಿ ಕೊಡಬೇಕು, ವರಮಾನ ಕೇಳಕೂಡದು,
ಆ ಕಲಮು ನನಗೆ ಗೊತ್ತಿತ್ತು, ಸಂಖ್ಯೆ ಸಮೇತ.
ಅದು ಎದುರಿಗೆ ಕೂತ ಇವರದೇ ಎಂದು ಹೊಳೆಯುವಷ್ಟರಲ್ಲಿ
ಊಟದ ಹೊತ್ತು ಮೀರಿತ್ತು.

ಯಾವ ಕಚೇರಿ, ಯಾವ ಕಿಟಕಿ, ಎಷ್ಟು ಪ್ರತಿ,
ಎಲ್ಲ ಕಲಿಸಿದ್ದು ಸಾಹೇಬರು.
ನಾನು ಬರೆದ ಅರ್ಜಿಯಲ್ಲಿ 'ಮೇಲ್ಕಂಡ'ಗಳು ಆರು, 'ಸದರಿ'ಗಳು ಒಂಬತ್ತು.
ಒಂದೊಂದನ್ನೇ, ಅಕ್ಕಿಯಿಂದ ಕಲ್ಲು ಆರಿಸುವಂತೆ, ತೆಗೆದರು.
ಕೊನೆಗೆ ಉಳಿದದ್ದು ಹನ್ನೆರಡು ಸಾಲು.
ಓದಿ ಹೇಳಿದಾಗ ಹೂವಮ್ಮ ಒಂದು ತಪ್ಪು ಹಿಡಿದರು:
"ದಸರಾ ರಜದಲ್ಲೂ ತೊಳೆದಿದೀನಿ. ಅದ್ನೂ ಸೇರ್ಸು."

ಮೊದಲ ವಾಯಿದೆಗೆ ಕಾರ್ಮಿಕ ಅಧಿಕಾರಿ ರಜೆ.
ಎರಡನೆಯದಕ್ಕೆ ಛತ್ರದವರ ವಕೀಲರು ಸಮಯ ಕೇಳಿದರು.
ಮೂರನೆಯದಕ್ಕೆ ಕರೆಂಟಿರಲಿಲ್ಲ.
"ಬಸ್ಸೇನೋ ಪುಕ್ಕಟೆ" ಅಂದರು ಹೂವಮ್ಮ, ಮೆಟ್ಟಿಲಿಳಿಯುತ್ತ,
"ದಿನ ಪುಕ್ಕಟೆ ಅಲ್ವಲ್ಲ."
ಸಂವಿಧಾನದ ಯಾವ ವಿಧಿಯಿಂದ ಉತ್ತರಿಸಲಿ?
ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದೆ.

ನಾಲ್ಕನೆಯ ಸಲ ಜೊತೆಗೊಬ್ಬಾಕೆಯನ್ನು ಕರೆತಂದರು,
ಗೌರಿಬಾಯಿ, ಬೇರೆ ಛತ್ರ, ಅಂಥದೇ ಕಾಗದ,
ಹೆಬ್ಬೆಟ್ಟು ಇನ್ನೂ ಒತ್ತಿಲ್ಲ.
ನಾನು ಕೈ ಚಾಚುವ ಮೊದಲೇ ಹೂವಮ್ಮ ಅದನ್ನು ಇಸಿದುಕೊಂಡರು.
ಓದಲು ಬಾರದವರು
ಮೇಲಿನಿಂದ ಸಾಲು ಎಣಿಸುತ್ತ ಬಂದು
ತಳದ ಖಾಲಿ ಜಾಗದ ತುಸು ಮೇಲೆ
ಗೆರೆ ಸವೆದ ಬೆರಳಿಟ್ಟರು:

"ಇಲ್ನೋಡು, ಇಲ್ಲೇ ಕವುಚಿ ಹಾಕೋದು ಅವ್ರು.
ಮೊದ್ಲು ಈ ಹುಡುಗಿ ಹತ್ರ ಕನ್ನಡದಲ್ಲಿ ಹೇಳ್ಸು.
ಈಗೀಗ ಪರವಾಗಿಲ್ಲ, ಕಲೀತಿದಾಳೆ."